ಜೋನ್ ಬಾರದ ಪ್ಲೇಟು

ಎರಡನೇ ಬಿ.ಎಸ್ಸಿ.ಯಲ್ಲಿ ಮಣ್ಣಿನ ಪ್ರಾಕ್ಟಿಕಲ್ ಇತ್ತು. ಕಾಲೇಜಿನ ಹಿಂದಿನ ಹುಣಸೆಮರದ ಬುಡದಿಂದ ನಾನೊಂದು ಹಿಡಿ ಮಣ್ಣು ತಂದಿದ್ದೆ. ನೀರಲ್ಲಿ ಕಲಸಿ, ತಿಳಿಯನ್ನು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪ್ಲೇಟಿಗೆ ಹರಡಿದೆವು. ವಾರ ಕಳೆಯಿತು. ಸೀಮೆಸುಣ್ಣದ ಪುಡಿ ಉದುರಿಸಿದ ಹಾಗೆ ಬೂದು ಚುಕ್ಕೆಗಳು. ಮುಚ್ಚಳ ತೆಗೆದರೆ ಮೊದಲ ಮಳೆಯ ವಾಸನೆ!

"ಸ್ಟ್ರೆಪ್ಟೊಮೈಸಿಸ್ ಇರಬೇಕು ಕಣೇ" ಅಂದರು ಮೇಡಂ. ಅದು ಮಣ್ಣಿನ ಬ್ಯಾಕ್ಟೀರಿಯಾ; ಆ ವಾಸನೆ ಅದು ತಯಾರಿಸುವ ಜಿಯೋಸ್ಮಿನ್ ಅನ್ನೋ ರಾಸಾಯನಿಕದ್ದಂತೆ.

ಆಮೇಲೆ ಅದನ್ನು ಬೇರೆ ಬ್ಯಾಕ್ಟೀರಿಯಾದ ಜೊತೆ ಬೆಳೆಸಿದೆವು. ಸುತ್ತ ಆ ಬ್ಯಾಕ್ಟೀರಿಯಾ ಬೆಳೆಯದ ತಿಳಿ ಉಂಗುರ, ಅಂದರೆ ಜೋನ್ ಬಂದರೆ ಆಂಟಿಬಯೋಟಿಕ್ ಇದೆ ಅಂತ ಲೆಕ್ಕ. ಪಕ್ಕದ ಬೆಂಚಿನವರಿಗೆ ಬಂತು. ನನಗೆ ಬರಲಿಲ್ಲ. ರೆಕಾರ್ಡಿನಲ್ಲಿ 'ಆಂಟಿಬಯೋಟಿಕ್ ಇಲ್ಲ' ಅಂತ ಬರೆದು, ಪ್ಲೇಟನ್ನು ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಿದೆ. ಮೇಡಂ ಕೆಂಪು ಪೆನ್ನಿನಲ್ಲಿ 'ಇಲ್ಲ' ಹೊಡೆದು 'ಕಾಣಲಿಲ್ಲ' ಅಂತ ತಿದ್ದಿದರು. ಸುಮ್ನೆ ಭಾಷೆ ತಿದ್ದಿದ್ದಾರೆ ಅಂದುಕೊಂಡೆ.

ಈಗ ನಾನು ಮಣ್ಣು ಮುಟ್ಟುವುದೇ ಅಪರೂಪ. ಕಂಪ್ಯೂಟರಿನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಜಾಲಾಡುವುದೇ ಕೆಲಸ. ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಅನ್ನೋ ಜಾತಿಯ ಡಿಎನ್‌ಎ 2002ರಲ್ಲಿ ಪೂರ್ತಿ ಪ್ರಕಟವಾಯಿತು. ಸುಮಾರು 87 ಲಕ್ಷ ಅಕ್ಷರ. ದಶಕಗಳಿಂದ ಅದನ್ನು ಬೆಳೆಸಿದವರಿಗೆ ಗೊತ್ತಿದ್ದ, ಆಂಟಿಬಯೋಟಿಕ್‌ನಂಥ ರಾಸಾಯನಿಕಗಳು ಬೆರಳೆಣಿಕೆಯಷ್ಟು. ಡಿಎನ್‌ಎಯಲ್ಲಿ ನೋಡಿದರೆ, ಅವನ್ನು ತಯಾರಿಸುವ ಜೀನ್ ಗುಂಪುಗಳು 20ಕ್ಕೂ ಜಾಸ್ತಿ! ಹೆಚ್ಚಿನವು ಲ್ಯಾಬಿನಲ್ಲಿ ಬಾಯಿ ಬಿಡುವುದೇ ಇಲ್ಲ.

ನಮ್ಮ ಪುಣ್ಯಕ್ಕೆ, ಒಂದು ರಾಸಾಯನಿಕಕ್ಕೆ ಬೇಕಾದ ಜೀನ್‌ಗಳು ಸಾಮಾನ್ಯವಾಗಿ ಒಂದೇ ಕಡೆ ಇರುತ್ತವೆ, ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಜೀರಿಗೆ ಇದ್ದ ಹಾಗೆ. 2011ರಲ್ಲಿ ಬಂದ ಆಂಟಿಸ್ಮ್ಯಾಶ್ ಅನ್ನೋ ಸಾಫ್ಟ್‌ವೇರ್ ಹುಡುಕುವುದು ಈ ಡಬ್ಬಿಗಳನ್ನೇ. ಗೊತ್ತಿರುವ ಎಂಜೈಮುಗಳನ್ನು ಹೋಲುವ ಜೀನ್‌ಗಳು ಒಟ್ಟಿಗೆ ಸಿಕ್ಕರೆ ಗುರುತು ಹಾಕಿ ಕೊಡುತ್ತದೆ.

ಹಾಗಂತ ಡಿಎನ್‌ಎ ನೋಡಿ ಊಹಿಸಿದ್ದೆಲ್ಲ ವೇದವಾಕ್ಯವಲ್ಲ. ಇದೇ ಸೀಲಿಕಲರ್‌ನ ಒಂದು ಜೀನ್ ಗುಂಪನ್ನು ನೋಡಿ 2000ದಲ್ಲೇ ಒಂದು ಊಹೆ ಮಾಡಿದ್ದರು: ಇದು ಕಬ್ಬಿಣವನ್ನು ಹಿಡಿದು ತರುವ ಅಣು, ಮೂರು ಅಮೈನೊ ಆಮ್ಲಗಳದ್ದು ಅಂತ. ಕಬ್ಬಿಣ ಕಡಿಮೆ ಮಾಡಿ ಬೆಳೆಸಿದಾಗ ನಿಜವಾಗಿಯೂ ಸಿಕ್ಕಿತು. 2005ರಲ್ಲಿ ಅದರ ರಚನೆ ಪ್ರಕಟವಾದಾಗ ನೋಡಿದರೆ ಅಮೈನೊ ಆಮ್ಲ ನಾಲ್ಕು! ಸೀಲಿಕೆಲಿನ್ ಅಂತ ಅದರ ಹೆಸರು. ಕೆಂಪು ಪೆನ್ನು ಕೊನೆಗೂ ಲ್ಯಾಬಿನವರ ಕೈಯಲ್ಲೇ, ಅಲ್ವಾ?

ಕಳೆದ ರಜೆಯಲ್ಲಿ ಕಾಲೇಜಿಗೆ ಬಂದಿದ್ದೆ. ಹುಣಸೆಮರದ ಜಾಗದಲ್ಲಿ ಬೈಕ್ ಸ್ಟ್ಯಾಂಡ್. ಸಿಮೆಂಟಿನ ಅಂಚಿನಲ್ಲಿ ಕೂತು, ಪೆನ್ನಿನ ತುದಿಯಲ್ಲಿ ಮಣ್ಣು ಕೆದಕಿ ಕವರಿಗೆ ತುಂಬುತ್ತಿದ್ದೆ. ವಾಚ್‌ಮನ್ ಹತ್ತಿರ ಬಂದು, "ಏನ್ ಬೀಳಿಸ್ಕೊಂಡ್ರಿ ಮೇಡಂ?" ಅಂದ.