ಹೊಟ್ಟೆ ಉಬ್ಬರವೆಲ್ಲ ಗ್ಯಾಸ್ ಅಲ್ಲ

ಅರ್ಧ ರೊಟ್ಟಿಗೇ ಹೊಟ್ಟೆ ತುಂಬುತ್ತದೆ, ಪರಕರದ ಲಾಡಿ ಬಿಗಿಯಾಗುತ್ತದೆ, ಕಿಬ್ಬೊಟ್ಟೆ ನೋಯುತ್ತದೆ, ಮೂತ್ರಕ್ಕೆ ಪದೇ ಪದೇ ಅವಸರ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಇದಕ್ಕೆ ಮೊದಲು ಅಜವಾನದ ನೀರು, ಆಮೇಲೆ ಗ್ಯಾಸ್ ಗುಳಿಗೆ. ನಾಲ್ಕು ದಿನದಲ್ಲಿ ಹೋದರೆ ಸರಿ. ಆದರೆ ವರ್ಷದೊಳಗೆ ಹೊಸದಾಗಿ ಶುರುವಾಗಿ ತಿಂಗಳಿಗೆ 12 ದಿನಕ್ಕಿಂತ ಹೆಚ್ಚು ಕಾಡಿದರೆ, ಅದರಲ್ಲೂ 50 ದಾಟಿದವರಲ್ಲಿ, ಅಂಡಾಶಯದ ಕ್ಯಾನ್ಸರ್ ಇದೆಯೇ ಎಂದು ನೋಡಿಸಲೇಬೇಕು. ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿ ಸ್ತ್ರೀರೋಗ ತಜ್ಞರಿಗೆ ತೋರಿಸಿ. "ಆಗಾಗ ಬರ್ತದ್ರೀ" ಅಂದರೆ ಅವರಿಗೂ ಅಂದಾಜು ಸಿಗದು.

ಪ್ಯಾಪ್ ಸ್ಮಿಯರ್ ಗರ್ಭಕೊರಳಿನ ಪರೀಕ್ಷೆ. ಅದು ನಾರ್ಮಲ್ ಬಂದರೆ ಅಂಡಾಶಯದ ಬಗ್ಗೆ ಏನೂ ತಿಳಿದಂತಲ್ಲ. ಬೇಕಾದದ್ದು ಯೋನಿ ಮಾರ್ಗದ ಸ್ಕ್ಯಾನಿಂಗ್, ಜೊತೆಗೆ ಸಿಎ-125 ರಕ್ತಪರೀಕ್ಷೆ (ಅಂಡಾಶಯದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಒಂದು ಪ್ರೋಟೀನಿನ ಅಳತೆ). ಅದು ನಾರ್ಮಲ್ ಮಿತಿಯಾದ 35 ಯೂನಿಟ್ ದಾಟಿತೆಂದು ಕಂಗಾಲಾಗಬೇಡಿ: ಮುಟ್ಟು, ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರಲ್ಲದ ಗಡ್ಡೆ), ಎಂಡೊಮೆಟ್ರಿಯೋಸಿಸ್‌ನಲ್ಲೂ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ) ಏರುತ್ತದೆ. ಹೊಟ್ಟೆಯ ಟಿಬಿಯಲ್ಲಂತೂ ನೀರು ತುಂಬಿ ಥೇಟ್ ಕ್ಯಾನ್ಸರಿನಂತೆಯೇ ಕಾಣುತ್ತದೆ. ಉಲ್ಟಾ, ಮೊದಲ ಹಂತದ ಸುಮಾರು ಅರ್ಧ ಜನರಲ್ಲಿ ಸಿಎ-125 ನಾರ್ಮಲ್ಲೇ ಇರುತ್ತದೆ. ತೊಂದರೆಯಿಲ್ಲದವರು ವರ್ಷವರ್ಷ ಇದನ್ನು ಮಾಡಿಸುವುದು, ನನ್ನ ಪ್ರಕಾರ, ದುಡ್ಡು ದಂಡ.

ತಾಯಿ, ಅಕ್ಕತಂಗಿ, ಚಿಕ್ಕಮ್ಮ ಅಥವಾ ಸೋದರತ್ತೆಗೆ ಅಂಡಾಶಯದ ಇಲ್ಲವೇ ಸ್ತನದ ಕ್ಯಾನ್ಸರ್ ಆಗಿದ್ದರೆ ಮಾತು ಬೇರೆ. ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆ ಕೇಳಿ; ಈ ಜೀನಿನಲ್ಲಿ ದೋಷವಿದ್ದರೆ ಈ ಎರಡೂ ಕ್ಯಾನ್ಸರಿನ ಅಪಾಯ ಹೆಚ್ಚು. ಅಪ್ಪನ ಕಡೆಯಿಂದಲೂ ಆ ದೋಷ ಬರುತ್ತದೆ.

ಸ್ಕ್ಯಾನಿನಲ್ಲಿ ಗಟ್ಟಿ ಭಾಗವಿರುವ ಗಡ್ಡೆ ಕಂಡರೆ ಸೂಜಿ ಚುಚ್ಚಿ ನೀರು ತೆಗೆಸಬೇಡಿ. ಅಂಡಾಶಯದೊಳಗೇ ಇದ್ದ ಕ್ಯಾನ್ಸರ್ ಕೋಶಗಳು ಹೊಟ್ಟೆಗೆ ಚೆಲ್ಲಬಹುದು. ರಿಪೋರ್ಟ್ ಹಿಡಿದು ನೇರ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಕಿಮ್ಸ್ ಸರ್ಕಾರಿ ಆಸ್ಪತ್ರೆಗೋ (ಈಗಿನ ಹೆಸರು ಕೆಎಂಸಿಆರ್‌ಐ) ಹೋಗಿ, ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ.