ಪರೇಡ್ ಮೈದಾನದಲ್ಲೇ ಉಳಿದಿದ್ದ ಎಡಗೈ

ಈ ಕಾಲೇಜಿಗೆ ಸೇರುವ ಹೊತ್ತಿಗೆ ನನಗೆ ಡ್ರಮ್ ನುಡಿಸಲು ಬರುತ್ತದೆ ಎಂಬ ಜಂಬ ಬೇಕಾದಷ್ಟಿತ್ತು. ಪ್ರೌಢಶಾಲೆಯ ಬ್ಯಾಂಡ್‌ನಲ್ಲಿ ಮೂರು ವರ್ಷ ಸೈಡ್ ಡ್ರಮ್ ಬಾರಿಸಿ, ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಮುಂದಿನ ಸಾಲಿನಲ್ಲಿ ನಡೆದವನು ನಾನು. ಹೆಗಲ ಪಟ್ಟಿಯಿಂದ ಇಳಿಬಿಟ್ಟ ಆ ಡ್ರಮ್ ಎಡತೊಡೆಯ ಮೇಲೆ ಓರೆಯಾಗಿ ನಿಲ್ಲುವುದರಿಂದ, ಎಡಗೈಯನ್ನು ಅಂಗೈ ಮೇಲಾಗುವಂತೆ ತಿರುಗಿಸಿ, ಸ್ಟಿಕ್ಕನ್ನು ಹೆಬ್ಬೆರಳ ಬುಡದ ಸಂದಿಯಲ್ಲಿ ಸಿಕ್ಕಿಸಿ ಉಂಗುರಬೆರಳಿನ ಮೇಲೆ ಒರಗಿಸಬೇಕು. ಸೈನ್ಯದ ಬ್ಯಾಂಡ್‌ಗಳಿಂದ ಬಂದ ಈ ಹಿಡಿತಕ್ಕೆ ಟ್ರೆಡಿಷನಲ್ ಗ್ರಿಪ್ ಎನ್ನುತ್ತಾರೆ.

ವಾರ್ಷಿಕೋತ್ಸವಕ್ಕೆ ಐದು ವಾರ ಉಳಿದಿದ್ದಾಗ, ನಮ್ಮ ವಾದ್ಯವೃಂದಕ್ಕೆ ಕಲಿಸುತ್ತಿದ್ದ ಮೇಷ್ಟ್ರು ನನ್ನ ಹಿಂದೆ ಬಂದು ನಿಂತು, "ಎಡಗೈ ಇನ್ನೂ ಪರೇಡ್ ಮೈದಾನದಲ್ಲೇ ಇದೆಯಲ್ಲಯ್ಯಾ" ಎಂದರು. ಅವರ ಮಾತು ನಿಜವಾಗಿತ್ತು. ಇಲ್ಲಿ ನುಡಿಸಬೇಕಿದ್ದದ್ದು ಕೂತು ಬಾರಿಸುವ ಡ್ರಮ್ ಕಿಟ್. ಅದರಲ್ಲಿ ಸ್ನೇರ್ ಎಂಬ ಮುಂದಿನ ಚಪ್ಪಟೆ ಡ್ರಮ್ಮಿನ ಮೇಲೆ ಸರಿಯಾಗಿಯೇ ಬೀಳುತ್ತಿದ್ದ ಏಟು, ಕೈ ಟಾಮ್‌ಗಳೆಂಬ ಉಳಿದ ಡ್ರಮ್‌ಗಳತ್ತ ಹೊರಳಿದೊಡನೆ ಸೊರಗುತ್ತಿತ್ತು. ಅದನ್ನು ಸರಿದೂಗಿಸಲು ನಾನು ಭುಜದ ಬಲ ಹಾಕುತ್ತಿದ್ದೆ. ಹಳೆಯ ಹಿಡಿತವೇ ತಪ್ಪೆಂದು ಅವರು ಹೇಳಲಿಲ್ಲ, ಜಾಝ್ ವಾದಕರಲ್ಲಿ ಅನೇಕರು ಇಂದಿಗೂ ಅದರಲ್ಲೇ ನುಡಿಸುತ್ತಾರೆ. ಆದರೆ ನಾವು ಆರಿಸಿಕೊಂಡಿದ್ದ ಜೋರಿನ ಹಾಡುಗಳಿಗೆ ನನ್ನ ಎಡಗೈ ಸಾಲುತ್ತಿರಲಿಲ್ಲ. ಎರಡೂ ಕೈಗಳಲ್ಲಿ ಒಂದೇ ರೀತಿ, ಮೇಲಿನಿಂದ ಹಿಡಿಯುವ ಮ್ಯಾಚ್ಡ್ ಗ್ರಿಪ್ ಕಲಿಯಬೇಕಾಯಿತು.

ಕೆನಡಾದ ರಾಕ್ ತಂಡ ರಷ್‌ನ ಡ್ರಮ್ಮರ್ ನೀಲ್ ಪಿಯರ್ಟ್ 1990ರ ದಶಕದಲ್ಲಿ, ವಯಸ್ಸು ನಲವತ್ತು ದಾಟಿದ ಮೇಲೆ, ಫ್ರೆಡ್ಡಿ ಗ್ರೂಬರ್ ಎಂಬ ಗುರುವಿನ ಬಳಿ ಕೂತು ತಮ್ಮ ಹಿಡಿತವನ್ನು ಮತ್ತೆ ಮೊದಲಿನಿಂದ ಕಲಿತರೆಂದು ಬಹಳ ದಿನಗಳ ನಂತರ ಓದಿದೆ. ಅವರು ಹೋದದ್ದು ನನ್ನದಕ್ಕೆ ತಿರುಗುಮುರುಗಾಗಿ, ಮ್ಯಾಚ್ಡ್‌ನಿಂದ ಟ್ರೆಡಿಷನಲ್‌ಗೆ! ಆಗಲೇ ಗೊತ್ತಿದ್ದರೆ ಮೇಷ್ಟ್ರೊಡನೆ ವಾದಿಸಲು ಒಂದು ಆಧಾರವಾದರೂ ಸಿಗುತ್ತಿತ್ತು.

ಮೊದಲ ವಾರ ಮೇಷ್ಟ್ರು ಡ್ರಮ್ ಮುಟ್ಟಲು ಬಿಡಲೇ ಇಲ್ಲ. ರಬ್ಬರ್ ಅಂಟಿಸಿದ ಒಂದು ಹಲಗೆಯನ್ನು ಮುಂದಿಟ್ಟು, ಸ್ಟಿಕ್ಕನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಮಾತ್ರ ಹಿಡಿದು ಬೀಳಬಿಡಬೇಕೆಂದೂ, ಅದು ತಾನಾಗಿ ಎಷ್ಟು ಸಲ ಪುಟಿಯುತ್ತದೆ ಎಂದು ಎಣಿಸಬೇಕೆಂದೂ ಹೇಳಿದರು. ಬಲಗೈಯಲ್ಲಿ ಹತ್ತು ಹನ್ನೊಂದು ಸಲ ಪುಟಿಯುತ್ತಿದ್ದ ಸ್ಟಿಕ್ ಎಡಗೈಯಲ್ಲಿ ಮೂರಕ್ಕೇ ಸತ್ತು ಬೀಳುತ್ತಿತ್ತು. ಉಳಿದ ಮೂರು ಬೆರಳುಗಳು ನನಗೇ ತಿಳಿಯದಂತೆ ಅದನ್ನು ಹಿಸುಕುತ್ತಿದ್ದವು. ಆಮೇಲೆ ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಪ್ಯಾರಡಿಡಲ್ ಎಂಬ ಕೈಪಾಠ: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಹಾಸ್ಟೆಲ್ಲಿನಲ್ಲಿ ಊಟಕ್ಕೆ ಕೂತಾಗಲೂ ಎಡಗೈ ಮೇಜಿನ ಕೆಳಗೆ ತೊಡೆಯ ಮೇಲೆ ಇದನ್ನೇ ಬಡಿಯುತ್ತಿತ್ತು. ನಾಲ್ಕನೆಯ ವಾರದಲ್ಲಿ ಎಡಗೈಯ ಎಣಿಕೆ ಎಂಟು ಮುಟ್ಟಿದಾಗ ಮೇಷ್ಟ್ರು ಏನೂ ಹೇಳದೆ ಕಿಟ್‌ನ ಮುಂದಿನ ಸ್ಟೂಲ್ ಎಳೆದುಕೊಟ್ಟರು.

ವಾರ್ಷಿಕೋತ್ಸವದ ಸಂಜೆ ಮೂರು ಹಾಡುಗಳಲ್ಲಿ ಎರಡು ಚೆನ್ನಾಗಿಯೇ ಆದವು. ಕೊನೆಯ ಹಾಡಿನ ಮುಕ್ತಾಯಕ್ಕೆ, ಏಟುಗಳು ಬಿಡುವಿಲ್ಲದೆ ಒಂದಕ್ಕೊಂದು ಬೆರೆಯುವ ಉದ್ದನೆಯ ರೋಲ್ ಒಂದಿತ್ತು. ಅದರ ನಡುವೆ ನೋಡಿಕೊಂಡರೆ ನನ್ನ ಎಡ ಅಂಗೈ ಆಕಾಶ ನೋಡುತ್ತಿತ್ತು. ಅದು ಯಾವಾಗ ತಿರುಗಿತೋ ಇಂದಿಗೂ ತಿಳಿಯದು. ರೋಲ್ ಮಾತ್ರ ಎಲ್ಲಿಯೂ ಮುರಿಯಲಿಲ್ಲ, ಚಪ್ಪಾಳೆಯೂ ಬಿತ್ತು. ವೇದಿಕೆಯ ಪಕ್ಕದ ಪರದೆಯ ಬಳಿ ನಿಂತಿದ್ದ ಮೇಷ್ಟ್ರು ತಮ್ಮ ಎಡಗೈಯನ್ನು ಮೇಲ್ಮುಖವಾಗಿ ಹಿಡಿದು ತೋರಿಸಿ, ನಗುತ್ತಾ ತಲೆಯಾಡಿಸಿದರು.