ಬಾಕ್ಸ್‌ಸ್ಟರ್‌ನ ಮುಂಗಾಲಿಗಳ ಬ್ರೇಕ್ ಡಿಸ್ಕ್ ಬದಲಾವಣೆ: ಇಲ್ಲಿವರೆಗಿನ ಕೆಲಸ

ಗಾಡಿ: ಪೋರ್ಷೆ ಬಾಕ್ಸ್‌ಸ್ಟರ್, 987 ಸರಣಿ, 2007ರ ಮಾಡೆಲ್, 2.7 ಲೀಟರ್. ಊರು: ದಾವಣಗೆರೆ. ಕೆಲಸ: ಮುಂದಿನ ಎರಡು ಡಿಸ್ಕ್ (ಗಾಲಿ ಜೊತೆ ತಿರುಗುವ ಬ್ರೇಕ್ ತಟ್ಟೆ), ಅದನ್ನು ಒತ್ತಿ ಹಿಡಿಯುವ ಪ್ಯಾಡ್, ಜೊತೆಗೆ ಬ್ರೇಕ್ ಆಯಿಲ್.

ನಡುಕ

ಹೆಬ್ಬಾಳು ಟೋಲ್ ಹತ್ತಿರ ನೂರರಿಂದ ವೇಗ ಇಳಿಸುವಾಗ ಸ್ಟೇರಿಂಗ್ ನಡುಗುವುದು ಚಳಿಗಾಲದಲ್ಲೇ ಶುರುವಾಗಿತ್ತು. ಕಾಲಡಿಯ ಪೆಡಲ್ ಕೂಡ ಸಣ್ಣಗೆ ಮಿಡಿಯುತ್ತಿತ್ತು. ವೇಗ ಕಡಿಮೆಯಾದಂತೆ ಮಿಡಿತವೂ ನಿಧಾನವಾಗುತ್ತಿತ್ತು. ಅಂದ್ರೆ ಇದು ಗಾಲಿ ಸುತ್ತಿದಂತೆಲ್ಲ ಬರುವ ತೊಂದರೆ. ಬ್ರೇಕ್ ಮುಟ್ಟದೇ ಇದ್ದಾಗ ಏನೂ ಇಲ್ಲ, ಹಾಗಾಗಿ ವೀಲ್ ಬ್ಯಾಲೆನ್ಸಿಂಗ್ ಅಲ್ಲ. ನಡುಕ ಸ್ಟೇರಿಂಗ್‌ಗೆ ಬರುತ್ತಿದೆ ಅಂದ ಮೇಲೆ ಮೊದಲು ಮುಂದಿನ ಗಾಲಿಗಳನ್ನೇ ನೋಡಬೇಕು.

ಯಾರನ್ನು ಕೇಳಿದರೂ ಒಂದೇ ಮಾತು: "ಡಿಸ್ಕು ಬೆಂಡಾಗಿದೆ, ಬದಲಾಯಿಸಿಬಿಡಿ." ರಸ್ತೆ ಓಡಾಟದಲ್ಲಿ ಎರಕದ ಕಬ್ಬಿಣದ ಡಿಸ್ಕ್ ಅಷ್ಟು ಸುಲಭವಾಗಿ ಬಾಗುವುದಿಲ್ಲ. ಹೆಚ್ಚಾಗಿ ಆಗುವುದು ಬೇರೆ. ಜೋರಾಗಿ ಬ್ರೇಕ್ ಹಾಕಿ, ಕಾದ ಡಿಸ್ಕಿನ ಮೇಲೆ ಪೆಡಲ್ ಒತ್ತಿಕೊಂಡೇ ಟೋಲ್ ಸಾಲಿನಲ್ಲಿ ನಿಂತರೆ, ಪ್ಯಾಡಿನ ಮಸಾಲೆ ಆ ಒಂದೇ ಜಾಗಕ್ಕೆ ಅಂಟುತ್ತದೆ. ಆಮೇಲೆ ಆ ಜಾಗ ಬೇರೆ ಕಡೆಗಿಂತ ಜಾಸ್ತಿ ಕಾಯುತ್ತದೆ, ಇನ್ನೂ ಗಟ್ಟಿಯಾಗುತ್ತದೆ, ಸವೆತ ಏರುಪೇರಾಗುತ್ತದೆ. ಡಿಸ್ಕಿನ ದಪ್ಪದಲ್ಲಿ 0.02 ಮಿ.ಮೀ. ವ್ಯತ್ಯಾಸ ಇದ್ದರೂ ಸಾಕು, ಕಾಲಿಗೆ ಗೊತ್ತಾಗುತ್ತದೆ. ಇನ್ನೊಂದು ಕಾರಣ ಡಿಸ್ಕ್ ಕೂರುವ ಹಬ್. ಈ ಸಲ ನನಗೆ ತಿಳಿಯಬೇಕಿದ್ದದ್ದು ಅದೇ: ತಪ್ಪು ಡಿಸ್ಕಿನದ್ದೆಷ್ಟು, ಹಬ್‌ನದ್ದೆಷ್ಟು? ಅದಕ್ಕೇ ಹೊಸ ಡಿಸ್ಕ್ ಮನೆಗೆ ಬಂದಿದ್ದರೂ ಹಳೆಯದನ್ನು ಅಳೆಯದೆ ಬಿಚ್ಚಬಾರದು ಅಂದುಕೊಂಡೆ.

ಎತ್ತಿ ನಿಲ್ಲಿಸಿದ್ದು

ಗಾಡಿ ತುಂಬಾ ತಗ್ಗು. ನಮ್ಮ ಜಾಕಿ ಅಡಿಗೆ ತೂರುವುದಿಲ್ಲ. ಎರಡು ದಪ್ಪ ಹಲಗೆ ಹಾಕಿ ಗಾಲಿ ಹತ್ತಿಸಿದ ಮೇಲೆ ಜಾಗ ಸಿಕ್ಕಿತು. ಜಾಕಿ ತಲೆಗೆ ಹಳೇ ಟೈರಿನ ರಬ್ಬರ್ ತುಂಡು. ಎತ್ತಿದ ಮೇಲೆ ಸ್ಟ್ಯಾಂಡ್ ಕೊಟ್ಟೇ ಕೆಲಸ. ಬರೀ ಜಾಕಿ ನಂಬಿ ಗಾಡಿ ಹತ್ತಿರ ಕೈಯಿಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಅಳತೆ

ದಪ್ಪ ಅಳೆಯಲು ಮಾಮೂಲಿ ವರ್ನಿಯರ್ ಸಾಲದು. ಡಿಸ್ಕಿನ ಹೊರ ಅಂಚಿಗೆ ಪ್ಯಾಡ್ ತಾಗುವುದಿಲ್ಲ, ಹಾಗಾಗಿ ಅಲ್ಲಿ ಒಂದು ಏಣು ಉಳಿದಿರುತ್ತದೆ. ವರ್ನಿಯರ್ ಆ ಏಣಿನ ಮೇಲೆ ಕೂತು ಹೊಸ ಡಿಸ್ಕಿನ ಅಳತೆಯನ್ನೇ ತೋರಿಸುತ್ತದೆ. ಮೈಕ್ರೋಮೀಟರ್ ತಂದು, ಅಂಚಿನಿಂದ ಒಂದು ಬೆರಳು ಒಳಗೆ, ಸುತ್ತಲೂ ಎಂಟು ಕಡೆ ಚಾಕ್‌ಪೀಸ್ ಗುರುತು ಹಾಕಿ ಅಳೆದೆ. ಈ ಮಾಡೆಲ್‌ಗೆ ಮುಂದಿನ ಡಿಸ್ಕ್ 298 ಮಿ.ಮೀ. ಅಗಲ, ಹೊಸದರ ದಪ್ಪ 24, ಸವೆತದ ಮಿತಿ 22. ಎಡಗಡೆಯದು 22.31ರಿಂದ 22.34. ಬಲಗಡೆಯದು 22.40 ಆಸುಪಾಸು, ಹೆಚ್ಚುಕಡಿಮೆ ಒಂದೇ ಸಮ.

ಎಡಗಡೆಯದರಲ್ಲಿ 0.03 ಏರುಪೇರು. ಲೇತ್‌ಗೆ ಹಾಕಿಸಿ ಮೇಲ್ಮೈ ಸಮ ಮಾಡಿಸಬಹುದಾ ಅಂತ ಹಳೇ ಪಿ.ಬಿ. ರಸ್ತೆ ಕಡೆಯ ಒಂದು ಲೇತ್ ಅಂಗಡಿಗೆ ಹೋಗಿ, ಈ ಲೆಕ್ಕ ಬರೆದ ಚೀಟಿ ತೋರಿಸಿದೆ. ಮೇಸ್ತ್ರಿ ಕನ್ನಡಕ ಏರಿಸಿ ಒಂದು ಸಲ ನೋಡಿದರು. "ತಮ್ಮಾ, ಉಳಿದಿರೋದೇ ಇಷ್ಟು. ಎರಡೂ ಕಡೆ ಹೊಡೆದರೆ ಮಿತಿಗೆ ಬಂದುಬಿಡ್ತದೆ. ತಿರುಗಾ ಎಷ್ಟು ದಿನ ಓಡಿಸ್ತೀ?" ಕೆಲಸ ಬೇಡ ಅಂದದ್ದಕ್ಕೇ ಅವರ ಮೇಲೆ ಗೌರವ ಹೆಚ್ಚಾಯಿತು. ಡಿಸ್ಕಿನ ತೂತುಗಳ ಸುತ್ತ ಕೂದಲೆಳೆಯ ಬಿರುಕುಗಳೂ ಇದ್ದವು. ಬಿರುಕು ಒಂದು ತೂತಿನಿಂದ ಇನ್ನೊಂದಕ್ಕೆ ಮುಟ್ಟಿದರೆ, ಇಲ್ಲವೇ ಹೊರ ಅಂಚಿಗೆ ಬಂದರೆ, ದಪ್ಪ ಎಷ್ಟೇ ಇರಲಿ ಆ ಡಿಸ್ಕ್ ಗುಜರಿಗೆ. ನನ್ನದು ಅಲ್ಲಿಗೆ ಬಂದಿರಲಿಲ್ಲ, ಆದರೂ ಬದಲಾವಣೆ ಖಾತ್ರಿಯಾಯಿತು.

ಹಬ್‌ನ ಪಾಲು

ಈ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೂತಿದ್ದು ಇಲ್ಲೇ.

ಡಿಸ್ಕ್ ತಿರುಗುವಾಗ ಎಷ್ಟು ಓಲಾಡುತ್ತದೆ ಅಂತ ನೋಡಲು ಡಯಲ್ ಗೇಜ್ ಬೇಕು. ಅದರ ಸ್ಟ್ಯಾಂಡ್ ಅಯಸ್ಕಾಂತದ್ದು. ಆದರೆ ಈ ಗಾಡಿಯಲ್ಲಿ ಗಾಲಿ ಹಿಡಿಯುವ ಭಾಗ ಅಲ್ಯೂಮಿನಿಯಂ, ಅಯಸ್ಕಾಂತ ಅಂಟುವುದಿಲ್ಲ. ಮೇಸ್ತ್ರಿ ಒಂದು ಕಬ್ಬಿಣದ ಪಟ್ಟಿಗೆ ತೂತು ಹೊಡೆದು ಕೊಟ್ಟರು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿ, ಅದರ ಬೋಲ್ಟಿನ ಜಾಗಕ್ಕೇ ಪಟ್ಟಿ ಬಿಗಿದು, ಅದರ ಮೇಲೆ ಗೇಜ್ ನಿಲ್ಲಿಸಿದೆ. ಕ್ಯಾಲಿಪರನ್ನು ಹೋಸ್ ಮೇಲೆ ನೇತುಹಾಕಬಾರದು. ಬ್ರೇಕ್ ಪೈಪ್ ಹಿಡಿದಿರುವ ಸಣ್ಣ ಬ್ರಾಕೆಟ್ ಬಿಚ್ಚಿ, ಬೈಂಡಿಂಗ್ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿದೆ. ಗಾಲಿ ಇಲ್ಲದಿದ್ದಾಗ ಡಿಸ್ಕ್ ಸಡಿಲ ಇರುತ್ತದೆ, ಅದಕ್ಕೆ ಗಾಲಿ ಬೋಲ್ಟ್‌ಗಳಿಗೆ ದಪ್ಪ ವಾಷರ್ ಕೊಟ್ಟು ಎಲ್ಲಾ ಕಡೆ ಸಮನಾಗಿ ಬಿಗಿದೆ.

ಎಡಗಡೆ ಹಳೇ ಡಿಸ್ಕ್, ಕೂತಿದ್ದ ಹಾಗೇ: 0.11 ಮಿ.ಮೀ.

ಈಗ ಡಿಸ್ಕ್ ಬಿಚ್ಚಬೇಕು. ಅದನ್ನು ಹಿಡಿದಿರುವುದು ಎರಡು ಸಣ್ಣ ಸ್ಕ್ರೂ, ಎರಡೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಬರೀ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಲು ಹೋದರೆ ತಲೆ ಹಾಳಾಗುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್‌ಗೆ ಬೇಗ ಬಗ್ಗಿದವು. ಡಿಸ್ಕ್ ತೆಗೆದು ನೋಡಿದರೆ ಹಬ್ ಮುಖದ ಮೇಲೆ ತುಕ್ಕಿನ ಹಕ್ಕಳೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಉಗುರಿನಿಂದ ಕೆರೆದರೆ ಚೂರು ಏಳುತ್ತಿತ್ತು. ವೈರ್ ಬ್ರಷ್, ಆಮೇಲೆ ಉಪ್ಪುಕಾಗದ, ಸ್ಕ್ರೂ ತೂತಿನ ಸುತ್ತ ಸಣ್ಣ ಅರ. ಬೆರಳು ಆಡಿಸಿದರೆ ಎಲ್ಲೂ ತಡೆಯದ ತನಕ ಉಜ್ಜಿದೆ. ಹಳೇ ಡಿಸ್ಕಿನ ಒಳಮುಖಕ್ಕೂ ಅದೇ ಉಪಚಾರ. ಅದೇ ಡಿಸ್ಕನ್ನು ಅದೇ ಜಾಗಕ್ಕೆ ಮತ್ತೆ ಕೂರಿಸಿ ಅಳೆದೆ.

0.06.

ಓಲಾಟದ ಹತ್ತಿರ ಹತ್ತಿರ ಅರ್ಧ ಪಾಲು ತುಕ್ಕಿನದ್ದೇ! ಲೆಕ್ಕ ಸರಳ. ಹಬ್ ಚಿಕ್ಕದು, ಡಿಸ್ಕ್ ಅದರ ಸುಮಾರು ಎರಡರಷ್ಟು ಅಗಲ. ಹಬ್ ಅಂಚಿನಲ್ಲಿ 0.03ರ ಒಂದು ಚೂರು ಸಿಕ್ಕಿಕೊಂಡರೆ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಅದು 0.06 ಆಗಿರುತ್ತದೆ. ಇಂಥ ಹಬ್ ಮೇಲೆ ಎಷ್ಟೇ ದುಬಾರಿ ಡಿಸ್ಕ್ ಹಾಕಿದರೂ ಅದು ಓಲಾಡಿಕೊಂಡೇ ತಿರುಗುತ್ತದೆ, ಒಂದೇ ಜಾಗ ಪ್ಯಾಡಿಗೆ ತಾಗಿ ತಾಗಿ ಸವೆಯುತ್ತದೆ, ಕೆಲವೇ ಸಾವಿರ ಕಿಲೋಮೀಟರ್‌ನಲ್ಲಿ ನಡುಕ ವಾಪಸ್. "ಹೊಸ ಡಿಸ್ಕ್ ಹಾಕಿದರೂ ಹೋಗಲಿಲ್ಲ" ಅನ್ನುವವರು ಒಮ್ಮೆ ಹಬ್ ಉಜ್ಜಿ ನೋಡಬೇಕು.

ಹೊಸ ಡಿಸ್ಕಿಗೆ ಎಣ್ಣೆ ಬಳಿದು ಕಳಿಸಿರುತ್ತಾರೆ. ಬ್ರೇಕ್ ಕ್ಲೀನರ್‌ನಲ್ಲಿ ಚೆನ್ನಾಗಿ ತೊಳೆದು ಕೂರಿಸಿದೆ: ಎಡಕ್ಕೆ 0.03, ಬಲಕ್ಕೆ 0.02. ನಾನು ಇಟ್ಟುಕೊಂಡ ಗಡಿ 0.05, ಹಾಗಾಗಿ ನೆಮ್ಮದಿ. ಇನ್ನೊಂದು ಮುಖ್ಯ ವಿಷಯ, ಎಡ ಬಲ ಅದಲುಬದಲು ಆಗಬಾರದು. ಡಿಸ್ಕಿನ ಎರಡು ಪದರದ ನಡುವೆ ಬಾಗಿದ ರೆಕ್ಕೆಗಳಿವೆ, ಅವು ಮಧ್ಯದಿಂದ ಗಾಳಿ ಎಳೆದು ಹೊರಗೆ ತಳ್ಳುತ್ತವೆ. ಗಾಡಿ ಮುಂದೆ ಹೋಗುವಾಗ ಮೇಲ್ಭಾಗದ ರೆಕ್ಕೆಗಳ ಹೊರತುದಿ ಹಿಂದಕ್ಕೆ ವಾಲಿರಬೇಕು.

ಜೋಡಣೆ

ಹೊಸ ಡಿಸ್ಕಿಗೆ ಹೊಸ ಪ್ಯಾಡೇ. ಬ್ರೆಂಬೊ ಕ್ಯಾಲಿಪರ್, ಒಂದೊಂದಕ್ಕೆ ನಾಲ್ಕು ಪಿಸ್ಟನ್. ದಪ್ಪ ಪ್ಯಾಡ್ ಕೂರಲು ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಮುಂದಿನ ಡಿಕ್ಕಿಯಲ್ಲಿರುವ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಮೊದಲೇ ಸಿರಿಂಜ್‌ನಲ್ಲಿ ಸ್ವಲ್ಪ ತೆಗೆದಿಟ್ಟಿದ್ದೆ, ಅದು ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದು ಬರುತ್ತದೆ. ಕ್ಯಾಲಿಪರ್ ಬೋಲ್ಟ್ ಹೊಸವು, 85 ನ್ಯೂಟನ್ ಮೀಟರ್. ಗಾಲಿ ಬೋಲ್ಟ್ 130. ಟಾರ್ಕ್ ರೆಂಚ್ ಇಲ್ಲದೆ ಅಂದಾಜಿನಲ್ಲಿ, ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ ಬಿಗಿದರೆ ಡಿಸ್ಕ್ ಮತ್ತೆ ಓರೆಯಾಗಬಹುದು. ಅಷ್ಟೆಲ್ಲಾ ಅಳೆದದ್ದು ನೀರುಪಾಲು.

ಬ್ರೇಕ್ ಆಯಿಲ್ ಎರಡು ವರ್ಷ ದಾಟಿತ್ತು. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಇಳಿಜಾರಿನಲ್ಲಿ ಆ ವ್ಯತ್ಯಾಸ ಮುಖ್ಯ. ಹಳೇ ಆಯಿಲ್ ಹೊರಹಾಕುವಾಗ ಪೆಡಲ್ ಮೇಲೆ ಅಕ್ಕನ ಮಗ, ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ.

"ಒತ್ತು. ಹಿಡ್ಕೋ."

"ಹಿಡ್ಕೊಂಡೆ ಮಾಮಾ. ಬಿಡ್ಲಾ?"

"ಇನ್ನೂ ನಿಪ್ಪಲ್ ಮುಚ್ಚಿಲ್ಲ, ಬಿಡಬೇಡ!"

ಒಂದೊಂದು ಕ್ಯಾಲಿಪರ್‌ಗೆ ಗಾಳಿ ತೆಗೆಯುವ ನಿಪ್ಪಲ್ ಎರಡು, ಒಳಗೊಂದು ಹೊರಗೊಂದು. ಎರಡರಲ್ಲೂ ಚಹಾ ಬಣ್ಣದ ಆಯಿಲ್ ಹೋಗಿ ತಿಳಿ ಬಣ್ಣದ್ದು ಬರುವವರೆಗೆ ಇದೇ ನಡೆಯಿತು.

ಪಳಗಿಸಿದ್ದು

ಹೊಸ ಪ್ಯಾಡ್, ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲಿ ಅಂತ ಭಾನುವಾರ ನಸುಕಿನಲ್ಲಿ ಆನಗೋಡು ದಾಟಿ ಭರಮಸಾಗರದ ಕಡೆ ಹೋದೆ. ರಸ್ತೆ ಖಾಲಿ, ಕನ್ನಡಿಯಲ್ಲಿ ಯಾರೂ ಇಲ್ಲ ಅಂದಾಗ ಮಾತ್ರ, 80ರಿಂದ 30ಕ್ಕೆ ಒಂದೇ ಸಮ ಒತ್ತಡದಲ್ಲಿ ಇಳಿಸುವುದು, ಮತ್ತೆ ಏರಿಸುವುದು. ಪೂರ್ತಿ ನಿಲ್ಲಿಸಲೇ ಇಲ್ಲ, ಬಿಸಿ ಪ್ಯಾಡ್ ಒಂದೇ ಕಡೆ ಅಂಟಬಾರದಲ್ವಾ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು, ಆಮೇಲೆ ಹಿಡಿತ ಗಟ್ಟಿಯಾಯಿತು. ಅಲ್ಲಿಂದ ಬ್ರೇಕ್ ಹೆಚ್ಚು ಮುಟ್ಟದೆ ತಣ್ಣಗಾಗುವವರೆಗೆ ಓಡಿಸಿದೆ. ಮನೆಗೆ ಬಂದು ನೋಡಿದರೆ ಡಿಸ್ಕಿನ ಮೇಲೆ ಎಲ್ಲಾ ಕಡೆ ಒಂದೇ ತೆರನ ಬೂದು ಬಣ್ಣ. ಬಿಸಿ ಇರುವಾಗಲೇ ಗಾಲಿಗೆ ನೀರು ಬಿಡುವುದಿಲ್ಲ, ತಣ್ಣಗಾದ ಮೇಲೇ ತೊಳೆಯುವುದು.

ಆಮೇಲೆ ಹೆಬ್ಬಾಳು ಟೋಲ್‌ನಲ್ಲಿ ನೂರರಿಂದ ಇಳಿಸಿದೆ. ಸ್ಟೇರಿಂಗ್ ಅಲುಗಲಿಲ್ಲ.

ಬಾಕಿ ಇರುವುದು

ಹಿಂಗಾಲಿಗಳ ಡಿಸ್ಕಿನ ದಪ್ಪ ಹೊಸದಿದ್ದಾಗ 20 ಮಿ.ಮೀ., ಮಿತಿ 18. ನನ್ನದು 19.2ರಲ್ಲಿದೆ, ಬದಲಿಸುವ ಅಗತ್ಯ ಇಲ್ಲ. ಆದರೆ ಅದರ ಮಧ್ಯದ ಟೊಳ್ಳು ಗುಂಬದೊಳಗೆ ಹ್ಯಾಂಡ್ ಬ್ರೇಕಿನ ಶೂ ಇವೆ, ಲಿವರ್ ಈಗ ಸ್ವಲ್ಪ ಜಾಸ್ತಿ ಮೇಲೆ ಬರುತ್ತಿದೆ. ಮಳೆಗಾಲಕ್ಕೆ ಮೊದಲು ಹಿಂದಿನ ಹಬ್ ಎರಡನ್ನೂ ಹೀಗೇ ಉಜ್ಜಿ, ಶೂ ಸರಿಪಡಿಸಿ, ಅಳತೆ ಇಲ್ಲಿ ಸೇರಿಸುತ್ತೇನೆ. ಮುಂಗಾಲಿಗಳ ಹೊಸ ಡಿಸ್ಕನ್ನೂ ಸಾವಿರ ಕಿಲೋಮೀಟರ್ ಆದ ಮೇಲೆ ಹೀಗೇ ಎಂಟು ಕಡೆ ಗುರುತು ಹಾಕಿ ಅಳೆಯುವುದಿದೆ.